ಏರ್‌ಬಸ್ ಚರಿತ್ರೆಯ ಚಾರ್ಟ್ ಬರೆಯುವ ಬಗೆ

ಚಳ್ಳಕೆರೆಯ ಬಳಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯವಿರುವುದರಿಂದ ಚಿತ್ರದುರ್ಗದ ವಿದ್ಯಾರ್ಥಿಗಳಿಗೆ ಈ ವಿಷಯ ತೀರಾ ದೂರದ್ದಲ್ಲ. ಹಾಳೆಯ ಮೇಲ್ತುದಿಯಲ್ಲಿ ಒಂದೇ ಹೆಸರು ಬರೆದು ಕೆಳಕ್ಕೆ ಕವಲುಗಳನ್ನು ಎಳೆಯಬೇಡಿ. ವೇದಾ ಮತ್ತು ಅವತಿ ಕೂಡಿ ವೇದಾವತಿ ನದಿಯಾದಂತೆ, ಯುರೋಪಿನ ಈ ವಿಮಾನ ತಯಾರಿಕಾ ಸಂಸ್ಥೆಯೂ ಹಲವು ಹರಿವುಗಳು ಸೇರಿ ಆದದ್ದು.

ಮೊದಲು ಏರ್‌ಬಸ್ ಹುಟ್ಟಿದ 1970ನ್ನು ಗುರುತಿಸಿ, ಫ್ರಾನ್ಸ್ ಮತ್ತು ಜರ್ಮನಿಯ ಗೆರೆಗಳನ್ನು ಅಲ್ಲಿ ಕೂಡಿಸಿ. 1971ರಲ್ಲಿ ಸ್ಪೇನಿನ ವಿಮಾನ ಕಂಪನಿ ಕಾಸಾ, 1979ರಲ್ಲಿ ಬ್ರಿಟಿಷ್ ಏರೋಸ್ಪೇಸ್ ಬಂದು ಸೇರುತ್ತವೆ. 1972ರ ಅಕ್ಟೋಬರ್ 28ರಂದು ಟುಲೂಸ್‌ನಲ್ಲಿ ಮೊದಲ ಬಾರಿ ಹಾರಿದ, ಎರಡೇ ಎಂಜಿನ್‌ಗಳ ಅಗಲ ಒಡಲಿನ ಎ300 ವಿಮಾನಕ್ಕೆ ಪಕ್ಕದಲ್ಲಿ ಧಾರಾಳವಾಗಿ ಜಾಗ ಬಿಡಿ, ಏಕೆಂದರೆ ಇಡೀ ಪ್ರಯತ್ನಕ್ಕೆ ಕಾರಣವಾದದ್ದೇ ಅದು.

ತಪ್ಪಾಗುವುದು ಮುಂದೆ. 2000ದಲ್ಲಿ ಫ್ರಾನ್ಸ್, ಜರ್ಮನಿ, ಸ್ಪೇನ್‌ಗಳ ಕಂಪನಿಗಳು ವಿಲೀನಗೊಂಡು ಹುಟ್ಟಿದ ಇಎಡಿಎಸ್ ರಕ್ಷಣಾ ಸಾಮಗ್ರಿಯನ್ನೂ ತಯಾರಿಸುತ್ತಿದ್ದ ಮಾತೃಸಂಸ್ಥೆ. ಆಗ ಏರ್‌ಬಸ್ ಎಂಬುದು ಅದರ ನಾಗರಿಕ ವಿಮಾನಗಳ ವಿಭಾಗ ಮಾತ್ರ. ಆದ್ದರಿಂದ ಎರಡಕ್ಕೂ ಬೇರೆ ಬಣ್ಣದ ಸ್ಕೆಚ್‌ಪೆನ್ ಬಳಸಿ. ಏರ್‌ಬಸ್‌ನಲ್ಲಿದ್ದ ಬ್ರಿಟಿಷರ ಶೇ. 20ರ ಪಾಲು 2006ರಲ್ಲಿ ಮಾರಾಟವಾದುದರಿಂದ ಆ ಗೆರೆಯನ್ನು ಅಲ್ಲಿಗೇ ನಿಲ್ಲಿಸಿ. 2014ರಲ್ಲಿ ಮಾತೃಸಂಸ್ಥೆಯೇ ಏರ್‌ಬಸ್ ಗ್ರೂಪ್ ಎಂಬ ಹೆಸರು ಪಡೆಯಿತು; ಮಗುವಿನ ಹೆಸರನ್ನು ತಾಯಿಗಿಟ್ಟ ಅಪರೂಪದ ನಾಮಕರಣವದು.