ಹಿತ್ತಲಿಗೊಂದು ಡೆಕ್: 12×10 ಅಡಿಗೆ ಸಾಮಾನಿನ ಲೆಕ್ಕ, ಹಣದ ಲೆಕ್ಕ

ಡೆಕ್ ಎಂದರೆ ನೆಲದಿಂದ ಮೇಲೆ, ಕಂಬಗಳ ಮೇಲಿನ ಕಬ್ಬಿಣದ ಪೈಪಿನ ಚೌಕಟ್ಟಿಗೆ ಮರದ ಹಲಗೆ ಹಾಸಿ ಮಾಡುವ ಜಗಲಿ. ಅದರಲ್ಲಿ ಹಣ ಹೆಚ್ಚು ಹೋಗುವುದು ಮೇಲಿನ ಹಲಗೆಗೆ. ಆದರೆ ಅದು ಹಾಳಾಗಲು ಶುರುವಾಗುವುದು ಕಂಬದ ಬುಡದಲ್ಲಿ, ಪೈಪಿನ ತೆರೆದ ಬಾಯಲ್ಲಿ, ಸ್ಕ್ರೂ ಕೊರೆದ ತೂತಿನಲ್ಲಿ. ಇಲ್ಲಿ ಉಳಿಸುವ ಐದಾರು ಸಾವಿರ ರೂಪಾಯಿ ನಾಲ್ಕು ಮಳೆಗಾಲ ಕಳೆಯುವುದರೊಳಗೆ ಹಲಗೆಯ ಅರ್ಧ ಲಕ್ಷವನ್ನು ನುಂಗಬಲ್ಲದು. ಬಜೆಟ್ ಹಾಕುವಾಗ ಈ ಮಾತು ತಲೆಯಲ್ಲಿರಲಿ.

ಮೊದಲು ಡೆಕ್ ಬೇಕೇ ಎಂದು ನೋಡಿ. ಹಿತ್ತಲು ಸಮತಟ್ಟಾಗಿದ್ದು, ಮನೆಯ ನೆಲಕ್ಕೂ ಹಿತ್ತಲಿಗೂ ಒಂದೂವರೆ ಅಡಿಗಿಂತ ಕಡಿಮೆ ಅಂತರವಿದ್ದರೆ ಚಪ್ಪಡಿ ಕಲ್ಲು ಹಾಸುವುದೇ ಮೇಲು. ಅಷ್ಟು ತಗ್ಗಿನಲ್ಲಿ ಹಲಗೆಯ ಕೆಳಗೆ ಗಾಳಿ ಆಡುವುದಿಲ್ಲ, ಮರ ಒಣಗುವುದಿಲ್ಲ. ಡೆಕ್ ನಿಜವಾಗಿ ಉಪಯೋಗಕ್ಕೆ ಬರುವುದು ಸಕಲೇಶಪುರ, ಮೂಡಿಗೆರೆ, ಕೊಪ್ಪದಂಥ ಇಳಿಜಾರು ಹಿತ್ತಲಲ್ಲಿ. ಅಲ್ಲಿ ಮಣ್ಣು ತುಂಬಿ ತಡೆಗೋಡೆ ಕಟ್ಟುವ ಖರ್ಚು ಡೆಕ್‌ನ ಖರ್ಚನ್ನು ಸುಲಭವಾಗಿ ಮೀರುತ್ತದೆ.

ಅಳತೆಯನ್ನು ಪೈಪಿನ ಉದ್ದ ನೋಡಿ ನಿರ್ಧರಿಸಿ

ಕಬ್ಬಿಣದ ಪೈಪು ಬರುವುದು 20 ಅಡಿ, ಅಂದರೆ ಸುಮಾರು 6 ಮೀಟರ್ ಉದ್ದದಲ್ಲಿ. ಡೆಕ್‌ನ ಅಗಲ 10 ಅಡಿ ಇದ್ದರೆ ಒಂದು ಪೈಪಿನಿಂದ ಸರಿಯಾಗಿ ಎರಡು ತುಂಡು ಸಿಗುತ್ತವೆ. 11 ಅಡಿ ಮಾಡಿದಿರೋ, ಪ್ರತಿ ಪೈಪಿನಲ್ಲೂ 9 ಅಡಿ ದಂಡ. ಆದ್ದರಿಂದ ಇಲ್ಲಿ ಲೆಕ್ಕ ಹಾಕುತ್ತಿರುವುದು ಗೋಡೆಯುದ್ದಕ್ಕೆ 12 ಅಡಿ, ಗೋಡೆಯಿಂದ ಆಚೆಗೆ 10 ಅಡಿ, ಒಟ್ಟು 120 ಚದರ ಅಡಿಯ ಡೆಕ್. ನಾಲ್ಕು ಕುರ್ಚಿ, ಒಂದು ಮೇಜು ಹಾಕಿ ಸುತ್ತ ಓಡಾಡಲು ಇಷ್ಟು ಸಾಕು.

ಡೆಕ್ಕನ್ನು ಮನೆಯ ಗೋಡೆಗೆ ಬೋಲ್ಟ್ ಮಾಡಬೇಡಿ. ಬೋಲ್ಟ್ ತೂತಿನಿಂದ ನೀರು ಗೋಡೆಗಿಳಿಯುತ್ತದೆ, ಒಳಗೋಡೆಯ ಬಣ್ಣ ಉಬ್ಬುತ್ತದೆ. ಗೋಡೆಯಿಂದ ಒಂದಿಂಚು ಬಿಟ್ಟು ಸ್ವಂತ ಕಂಬಗಳ ಮೇಲೆ ನಿಲ್ಲಿಸಿ. ಹಲಗೆಯ ಮಟ್ಟ ಬಾಗಿಲ ಹೊಸ್ತಿಲಿಗಿಂತ ಎರಡಿಂಚು ಕೆಳಗಿರಲಿ. ಹೆಂಚಿನ ಮಾಡಿನ ನೀರು ನೇರ ಡೆಕ್ ಮೇಲೆ ಬೀಳುವಂತಿದ್ದರೆ ಮೊದಲು ಮಾಡಿನ ಅಂಚಿಗೆ ನೀರು ಹರಿಯುವ ದೋಣಿ ಹಾಕಿಸಿ, ಆ ಖರ್ಚನ್ನೂ ಈ ಬಜೆಟ್ಟಿಗೇ ಸೇರಿಸಿ.

ಅಡಿಪಾಯ

12 ಅಡಿ ಉದ್ದಕ್ಕೆ ಮೂರು ಸಾಲು ತೊಲೆ, ಸಾಲುಗಳ ನಡುವೆ 5 ಅಡಿ. ಪ್ರತಿ ತೊಲೆಗೆ 6 ಅಡಿಗೊಂದರಂತೆ ಮೂರು ಕಂಬ, ಒಟ್ಟು ಒಂಬತ್ತು ಗುಂಡಿ. ಗುಂಡಿ ಒಂದೂವರೆ ಅಡಿ ಚೌಕ, ಎರಡೂವರೆ ಅಡಿ ಆಳ. ಇದು ಗಟ್ಟಿ ಮಣ್ಣಿಗೆ ಹೇಳಿದ ಆಳ. ಮನೆ ಕಟ್ಟುವಾಗ ತಗ್ಗಿಗೆ ಸುರಿದ ತುಂಬು ಮಣ್ಣಾದರೆ ಹಳೆಯ ನೆಲ ಸಿಗುವವರೆಗೂ ಇಳಿಯಲೇಬೇಕು. ಇಳಿಜಾರಿನ ಕಡೆಯ ಮೂರು ಗುಂಡಿಗಳಲ್ಲಿ ಇದನ್ನು ತಪ್ಪಿಸಿದರೆ ಮಳೆಗಾಲದಲ್ಲಿ ಆ ಮಗ್ಗುಲು ಕುಸಿದು ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ.

ತಳದಲ್ಲಿ ಒಂದಡಿ ದಪ್ಪ ಕಾಂಕ್ರೀಟು, ಅದರ ಮೇಲೆ 9 ಇಂಚು ಚೌಕದ ಪೀಠ. ಪೀಠ ನೆಲದಿಂದ ಆರಿಂಚು ಮೇಲೆ ನಿಲ್ಲಬೇಕು. ಕಬ್ಬಿಣ ಮಣ್ಣಿಗೆ ತಾಗುವುದಿಲ್ಲ ಎಂಬುದು ಒಂದು ಕಾರಣ. ಗೆದ್ದಲು ಮಣ್ಣಿನ ಕೊಳವೆ ಕಟ್ಟಿ ಹತ್ತುವುದು ಆ ಆರಿಂಚಿನಲ್ಲೇ ಕಣ್ಣಿಗೆ ಬೀಳುತ್ತದೆ ಎಂಬುದು ಇನ್ನೊಂದು. ಸಿಮೆಂಟು, ಮರಳು, ಜಲ್ಲಿಯ ಮಿಶ್ರಣ 1:1.5:3. ಒಂಬತ್ತಕ್ಕೂ ಸೇರಿ ಸುಮಾರು 30 ಘನ ಅಡಿ ಕಾಂಕ್ರೀಟು: ಸಿಮೆಂಟು 7 ಮೂಟೆ, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) 13 ಘನ ಅಡಿ, 20 ಮಿ.ಮೀ. ಜಲ್ಲಿ 26 ಘನ ಅಡಿ. ತರಿಸುವಾಗ 8, 16, 30 ಎಂದು ಬರೆದುಕೊಳ್ಳಿ. ಕಾಂಕ್ರೀಟು ಹಸಿಯಿರುವಾಗಲೇ ಪ್ರತಿ ಪೀಠಕ್ಕೆ ನಾಲ್ಕರಂತೆ 12 ಮಿ.ಮೀ. ಆಂಕರ್ ಬೋಲ್ಟ್ ನೆಡಿಸಿ, ಏಳು ದಿನ ನೀರುಣಿಸಿ.

ನೂಲು ಹಿಡಿದಾಗ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕರ್ಣ 15 ಅಡಿ ಏಳೂವರೆ ಇಂಚು ಬರಬೇಕು. ಇಲ್ಲಿ ಒಂದಿಂಚು ತಪ್ಪಿದರೆ ಕೊನೆಯ ಹಲಗೆಯನ್ನು ಓರೆಯಾಗಿ ಸೀಳಬೇಕಾಗುತ್ತದೆ.

ಕಬ್ಬಿಣದ ಚೌಕಟ್ಟು

ತೊಲೆಗೆ 96×48 ಮಿ.ಮೀ., 3.2 ಮಿ.ಮೀ. ದಪ್ಪದ ಪೈಪು ಮೂರು. ಒಂದೊಂದರಿಂದ 12 ಅಡಿ ಕತ್ತರಿಸಿದ ಮೇಲೆ ತಲಾ 8 ಅಡಿ ಮಿಗುತ್ತದೆ. ಮನೆಯ ಕಡೆ ಒಂದಡಿ, ನಡುವೆ ಒಂದೂವರೆ, ಇಳಿಜಾರಿನ ಕಡೆ ಎರಡಡಿ ಎತ್ತರದ ಕಂಬಗಳಿಗೆ ಬೇಕಾದ 13.5 ಅಡಿ ಅದರಲ್ಲೇ ಬರುತ್ತದೆ, ಕಂಬಕ್ಕೆ ಬೇರೆ ಪೈಪು ತರಬೇಕಿಲ್ಲ. ಇಳಿಜಾರಿನ ಕಡೆ ಕಂಬ ನಾಲ್ಕಡಿ ದಾಟುವುದಾದರೆ ಈ ಲೆಕ್ಕ ಬಿಟ್ಟು ಎಂಜಿನಿಯರ್ ಒಬ್ಬರಿಂದ ನಕ್ಷೆ ಮಾಡಿಸಿ.

ತೊಲೆಗಳ ಮೇಲೆ ಅಡ್ಡಪಟ್ಟಿಗೆ 60×40 ಮಿ.ಮೀ., 2.6 ಮಿ.ಮೀ. ದಪ್ಪದ ಪೈಪು. 16 ಇಂಚಿಗೊಂದರಂತೆ 10 ಅಡಿಯವು ಹತ್ತು, ಅಂದರೆ ಐದು ಪೈಪು. ಎರಡು ಅಂಚು ಮುಚ್ಚಲು 12 ಅಡಿಯವು ಎರಡು, ಅದಕ್ಕೆ ಇನ್ನೆರಡು ಪೈಪು. ಮಿಕ್ಕ 8 ಅಡಿಯ ತುಂಡುಗಳು ಮೆಟ್ಟಿಲಿಗಾಗುತ್ತವೆ. ಆರಿಂಚು ಚೌಕದ 8 ಮಿ.ಮೀ. ಪ್ಲೇಟು ಒಂಬತ್ತು. ಎಲ್ಲ ಸೇರಿ 295 ಕೆ.ಜಿ. ಆಸುಪಾಸು.

ವೆಲ್ಡಿಂಗ್‌ನವರು ಚದರ ಅಡಿ ಲೆಕ್ಕದಲ್ಲಿ ಒಪ್ಪಿಕೊಂಡರೆ ತೆಳು ಪೈಪು ಬರುವ ಅಪಾಯವಿದೆ, ಕೆ.ಜಿ. ಲೆಕ್ಕವಾದರೆ ಬೇಡದ ತೂಕ ಸೇರುವ ಅಪಾಯ. ಮೇಲಿನ ಪಟ್ಟಿಯನ್ನು ಕೈಗೆ ಕೊಟ್ಟು ಕೆ.ಜಿ. ಲೆಕ್ಕಕ್ಕೇ ಒಪ್ಪಿಸುವುದು ವಾಸಿ. ಪೈಪು ಇಳಿಸುವಾಗ ವರ್ನಿಯರ್ ಎಂಬ ಅಳತೆ ಸಾಧನದಲ್ಲಿ ದಪ್ಪ ನೋಡಿ, ತೂಕದ ಚೀಟಿ ಇಸಿದುಕೊಳ್ಳಿ.

ಬಣ್ಣದ ವಿಷಯದಲ್ಲಿ ಅವಸರ ಬೇಡ. ವೆಲ್ಡಿಂಗ್ ಸಿಪ್ಪೆ ಕುಟ್ಟಿ ತೆಗೆಯದೆ ಬಣ್ಣ ಬಳಿದರೆ ಸಿಪ್ಪೆಯ ಜೊತೆಗೇ ಬಣ್ಣ ಉದುರುತ್ತದೆ, ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಸಿಪ್ಪೆ ತೆಗೆದು, ವೈರ್ ಬ್ರಶ್ ಹಾಕಿ, ಎರಡು ಕೈ ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಕೈ ಬಣ್ಣ. ಇದೆಲ್ಲ ಹಲಗೆ ಕೂರಿಸುವ ಮೊದಲೇ ಆಗಬೇಕು. ಪೈಪಿನ ಬಾಯಿಗಳನ್ನು ಪ್ಲೇಟಿನಿಂದ ಮುಚ್ಚಿಸಿ, ಅಡ್ಡಪಟ್ಟಿಯ ಕೆಳಮೈಯಲ್ಲಿ ಎರಡು ಕಡೆ 6 ಮಿ.ಮೀ. ತೂತು ಕೊರೆಸಿ. ಸ್ಕ್ರೂ ತೂತಿನಿಂದ ಒಳಗಿಳಿದ ನೀರಿಗೆ ಹೊರಹೋಗಲು ದಾರಿ ಬೇಕು, ಇಲ್ಲದಿದ್ದರೆ ಪೈಪು ಒಳಗಿನಿಂದಲೇ ಕೊಳೆಯುತ್ತದೆ.

ಹಲಗೆ

ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಇದ್ದೇ ಇರುತ್ತದೆ, ಅದನ್ನೇ ಕೊಯ್ಸೋಣ ಎನ್ನಿಸುತ್ತದೆ. ಬೇಡ. ಬಯಲಲ್ಲಿ ಮಳೆಗೆ ಬಿದ್ದರೆ ಅದು ಬಾಳುವುದಿಲ್ಲ, ಗೆದ್ದಲಿಗೂ ಸುಲಭದ ತುತ್ತು. ತೇಗ, ಹೊನ್ನೆ, ಮತ್ತಿ ಇವುಗಳ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ ಮಾತ್ರ ಈ ಕೆಲಸಕ್ಕೆ ಬಾಳುವಂಥದ್ದು. ಎಷ್ಟೇ ಒಳ್ಳೆಯ ಜಾತಿಯಾದರೂ ಅಂಚಿನ ಬಿಳಿ ಭಾಗ ಇರುವ ಹಲಗೆಯನ್ನು ಬೇರೆ ಇಡಿ. ತೋಟದ ಮರವನ್ನೇ ಬಳಸುವುದಾದರೆ, ಇಂಥ ಜಾತಿಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ ಬೇಕು, ಮಿಲ್ಲಿಗೆ ಸಾಗಿಸಲು ಪಾಸೂ ಬೇಕು. ಆ ಕಾಗದಕ್ಕೆ ಹಿಡಿಯುವ ಸಮಯವನ್ನು ಯೋಜನೆಯಲ್ಲಿ ಮೊದಲೇ ಸೇರಿಸಿಕೊಳ್ಳಿ.

6 ಇಂಚು ಅಗಲ, ಒಂದೂಕಾಲು ಇಂಚು ದಪ್ಪ ಕೊಯ್ಸಿದ ಹಲಗೆ, ಉಜ್ಜಿದ ಮೇಲೆ ಐದೂವರೆ ಇಂಚು ಅಗಲ, ಒಂದಿಂಚು ದಪ್ಪಕ್ಕೆ ಇಳಿಯುತ್ತದೆ. ನೀವು ದುಡ್ಡು ಕೊಡುವುದು ಕೊಯ್ದ ಅಳತೆಗೆ. ಕಾಲಿಂಚು ಸಂದು ಬಿಟ್ಟರೆ 10 ಅಡಿ ಅಗಲಕ್ಕೆ 12 ಅಡಿಯ 21 ಹಲಗೆ ಬೇಕು. ಅದು 13.1 ಘನ ಅಡಿ, ಬಿರುಕು-ಗಂಟಿನ ನಷ್ಟ ಸೇರಿಸಿ 14.5 ಎಂದಿಟ್ಟುಕೊಳ್ಳಿ.

ಹಸಿ ಹಲಗೆ ಕೂರಿಸಿದರೆ ಬೇಸಿಗೆಯಲ್ಲಿ ಬಾಗಿ ಸ್ಕ್ರೂ ಕೀಳುತ್ತದೆ. ಕೊಯ್ಸಿದ ಮೇಲೆ ಕನಿಷ್ಠ ಎರಡು ಮೂರು ತಿಂಗಳು ಮಾಡಿನ ಕೆಳಗೆ, ಹಲಗೆ ಹಲಗೆಯ ನಡುವೆ ಒಂದಿಂಚಿನ ರೀಪು ಕೊಟ್ಟು, ಮೇಲೆ ಭಾರ ಹೇರಿ ಪೇರಿಸಿಡಿ. ಮರದ ಎಣ್ಣೆಯನ್ನು ಹಲಗೆಯ ನಾಲ್ಕೂ ಮೈಗೆ, ಕೊಯ್ದ ತುದಿಗಳಿಗೂ ಕೂರಿಸುವ ಮೊದಲೇ ಬಳಿಯಬೇಕು. ತುದಿಯಿಂದಲೇ ಮರ ಹೆಚ್ಚು ನೀರು ಕುಡಿಯುವುದು.

ಸ್ಕ್ರೂ 21×10×2, ಅಂದರೆ 420, ತರುವುದು 500. ತಾನೇ ಕೊರೆದುಕೊಳ್ಳುವ 410 ದರ್ಜೆಯ ಸ್ಟೀಲ್ ಸ್ಕ್ರೂ ಕೆಲಸವನ್ನು ಬೇಗ ಮುಗಿಸುತ್ತದೆ, ಆದರೆ ಮಲೆನಾಡಿನ ತೇವಕ್ಕೆ ಅದರ ತಲೆ ತುಕ್ಕು ಬಿಟ್ಟು ಹಲಗೆಯ ಮೇಲೆ ಕಪ್ಪು ಕಲೆ ಇಳಿಯುತ್ತದೆ. 304 ದರ್ಜೆ ತಡೆಯುತ್ತದೆ, ಆದರೆ ಅದು ಮೆದು, ಕಬ್ಬಿಣ ಕೊರೆಯಲಾರದು. 4.8 ಮಿ.ಮೀ. ಸ್ಕ್ರೂಗೆ ಮರದಲ್ಲಿ 5, ಪೈಪಿನಲ್ಲಿ 4 ಮಿ.ಮೀ. ತೂತು ಮೊದಲೇ ಕೊರೆಯಿಸಿ. ಕೂಲಿ ಒಂದು ದಿನ ಹೆಚ್ಚಾಗುತ್ತದೆ, ಆಗಲಿ. ಅಡ್ಡಪಟ್ಟಿಯ ಮೇಲೆ ಬಿಟುಮೆನ್ ಟೇಪ್ ಅಂಟಿಸಿಯೇ ಹಲಗೆ ಇಡಿ.

ಹಣ

ಕಬ್ಬಿಣದ ದರ, ಮರದ ದರ ನಿಲ್ಲುವುದಿಲ್ಲ. ಕೆಳಗಿನವು ಲೆಕ್ಕ ತೋರಿಸಲು ಇಟ್ಟುಕೊಂಡ ದರಗಳು. ನಿಮ್ಮೂರಿನ ದರ ಕೇಳಿ ಅದೇ ಜಾಗದಲ್ಲಿ ಕೂರಿಸಿ. ಕೇಳುವಾಗ ಜಿಎಸ್‌ಟಿ ಸೇರಿದೆಯೇ ಎಂದೂ ಕೇಳಿ.

ಅಡಿಪಾಯ: ಸಿಮೆಂಟು ಮೂಟೆಗೆ 400ರಂತೆ 3,200, ಮರಳು ಜಲ್ಲಿ 4,000, ಕೂಲಿ 6,000. ಒಟ್ಟು 13,200.
ಕಬ್ಬಿಣ: ಕೆ.ಜಿ.ಗೆ 75ರಂತೆ 22,000, ವೆಲ್ಡಿಂಗ್ ಕೂಲಿ 9,000, ಬೋಲ್ಟು 2,000, ಬಣ್ಣ 4,500. ಒಟ್ಟು 37,500.
ಹಲಗೆ: ಘನ ಅಡಿಗೆ 3,000ದಂತೆ 43,500, ಉಜ್ಜಲು 2,600, ಸ್ಕ್ರೂ 4,000, ಬಡಗಿ ಕೂಲಿ 14,400, ಎಣ್ಣೆ 3,000. ಒಟ್ಟು 67,500.
ಸಾಗಣೆ: 4,500.

ಸೇರಿ 1,22,700. ಮೇಲೆ ಶೇ 15 ಅನಿರೀಕ್ಷಿತ ಖರ್ಚಿಗೆಂದು ಇಟ್ಟರೆ ಸುಮಾರು 1,41,000, ಚದರ ಅಡಿಗೆ 1,175. ಇದರಲ್ಲಿ ಹಲಗೆಯ ಪಾಲೇ ಅರ್ಧಕ್ಕಿಂತ ಹೆಚ್ಚು, ಅಡಿಪಾಯದ್ದು ಒಂಬತ್ತನೇ ಒಂದು ಪಾಲು. ಖರ್ಚು ಇಳಿಸಲೇಬೇಕಿದ್ದರೆ ಡೆಕ್ಕನ್ನು 10×10ಕ್ಕೆ ಇಳಿಸಿ, ಅಡಿಪಾಯ ಮತ್ತು ಬಣ್ಣದಲ್ಲಿ ಕೈ ಬಿಗಿಹಿಡಿಯಬೇಡಿ.

ಕಟಕಟೆ ಮತ್ತು ಮೆಟ್ಟಿಲು ಈ ಲೆಕ್ಕದಲ್ಲಿಲ್ಲ. ನೆಲದಿಂದ ಎರಡಡಿ ದಾಟಿದರೆ ಮೂರೂವರೆ ಅಡಿ ಎತ್ತರದ ಕಟಕಟೆ ಬೇಕೇ ಬೇಕು, ಮಕ್ಕಳ ತಲೆ ತೂರದಂತೆ ಸರಳುಗಳ ನಡುವೆ ನಾಲ್ಕಿಂಚಿಗಿಂತ ಕಡಿಮೆ ಸಂದಿರಲಿ. ಅದಕ್ಕೆ ಅಡಿ ಲೆಕ್ಕದಲ್ಲಿ ಬೇರೆಯೇ ದರ ತೆಗೆದುಕೊಳ್ಳಿ.

ಯಾವಾಗ

ನವೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಕುಯ್ಲು, ತೋಟದ ಸೀಮೆಯಲ್ಲಿ ಕೂಲಿಗೆ ಜನ ಸಿಗುವುದು ಕಷ್ಟ. ಹಾಗಾಗಿ ಆ ತಿಂಗಳುಗಳನ್ನು ಹಲಗೆ ಒಣಗಿಸಲು ಬಿಡಿ: ನವೆಂಬರಿನಲ್ಲಿ ಕೊಯ್ಸಿ ಪೇರಿಸಿಡಿ, ಫೆಬ್ರುವರಿ ಕೊನೆಗೆ ಗುಂಡಿ, ಮಾರ್ಚಿನಲ್ಲಿ ಕಬ್ಬಿಣ ಮತ್ತು ಬಣ್ಣ, ಏಪ್ರಿಲ್ ನಡುವಿನೊಳಗೆ ಹಲಗೆ. ಹೂಮಳೆ (ಕಾಫಿ ಹೂವರಳಿಸುವ ಬೇಸಿಗೆಯ ಮಳೆ) ಬಂದರೆ ಎಣ್ಣೆ ಹಚ್ಚುವುದನ್ನು ಎರಡು ದಿನ ಮುಂದಕ್ಕೆ ಹಾಕಿ. ಕಡೂರು, ಅರಸೀಕೆರೆಯ ಬಯಲು ಸೀಮೆಯಲ್ಲಿ ಇಷ್ಟು ಬಿಗಿ ಬೇಕಿಲ್ಲ, ಅಲ್ಲಿ ಮಳೆಗಿಂತ ಬಿಸಿಲೇ ಹಲಗೆ ಸೀಳುವುದು. ವರ್ಷಕ್ಕೊಮ್ಮೆ ಎಣ್ಣೆ ತಪ್ಪಿಸದಿದ್ದರೆ ಆಯಿತು.

ಕೂಲಿಯನ್ನು ಮೂರು ಕಂತಿನಲ್ಲಿ ಕೊಡಿ: ಪೀಠ ನಿಂತ ಮೇಲೆ, ಬಣ್ಣ ಒಣಗಿದ ಮೇಲೆ, ಹಲಗೆ ಮುಗಿದ ಮೇಲೆ. ಹತ್ತರಲ್ಲೊಂದು ಪಾಲನ್ನು ಜೂನಿನ ಮೊದಲ ಜೋರು ಮಳೆಯವರೆಗೆ ಹಿಡಿದಿಡುವುದಾಗಿ ಮೊದಲೇ ಮಾತಾಡಿಕೊಳ್ಳಿ. ಆ ಮಳೆ ಬಿದ್ದ ಮರುದಿನ ಡೆಕ್ ಕೆಳಗೆ ಬಗ್ಗಿ ನೋಡಿ: ನೀರು ಮನೆಯ ಕಡೆಗೆ ಹರಿಯುತ್ತಿದೆಯೇ, ಪೀಠದ ಸುತ್ತ ಮಣ್ಣು ಕೊಚ್ಚಿಹೋಗಿದೆಯೇ, ಯಾವ ಹಲಗೆಯ ಮೇಲೆ ನೀರು ನಿಂತಿದೆ. ಮೂರನ್ನೂ ಸರಿಪಡಿಸಿಕೊಟ್ಟ ಮೇಲೆ ಉಳಿದ ಹಣ ಚುಕ್ತಾ ಮಾಡಿ.