ಐವತ್ತೊಂದರ ಕಿವಿಗೆ ಮೋರ್ಸ್ ಹತ್ತಿಸಿದ ಬಗೆ: ನನ್ನ ಅನುಭವ

ಹ್ಯಾಮ್ (ಹವ್ಯಾಸಿ) ರೇಡಿಯೋದಲ್ಲಿ ಹತ್ತು ವರ್ಷ ಕೆಳದರ್ಜೆಯ ವಿಯು3 ಕರೆಸಂಕೇತದಲ್ಲಿಯೇ ಉಳಿದಿದ್ದ ನಾನು, ಐವತ್ತೊಂದನೆಯ ವಯಸ್ಸಿನಲ್ಲಿ, ಮೂರನೆಯ ಪ್ರಯತ್ನಕ್ಕೆ ಮೇಲಿನದಾದ ಜನರಲ್ ದರ್ಜೆಯ ಮೋರ್ಸ್ ಪರೀಕ್ಷೆಯಲ್ಲಿ (ಗಿಡ್ಡ-ಉದ್ದ ಸದ್ದುಗಳಲ್ಲಿ ಅಕ್ಷರಗಳನ್ನು ಕಳಿಸುವ, ಕೇಳಿ ಬರೆಯುವ ಪರೀಕ್ಷೆ) ತೇರ್ಗಡೆಯಾದೆ. "ಐವತ್ತು ದಾಟಿದ ಕಿವಿಗೆ ಅದು ಹತ್ತುವುದಿಲ್ಲ ಮಾರಾಯರೇ, ಆ ದುಡ್ಡಿಗೆ ತೋಟಕ್ಕೆ ಗೊಬ್ಬರ ಹಾಕಿಸಿ" ಎಂದವರು ಸಾಗರದಲ್ಲಿಯೂ ಇದ್ದರು, ಶಿವಮೊಗ್ಗದಲ್ಲಿಯೂ ಇದ್ದರು. ಅವರಲ್ಲಿ ಕೆಲವರು ಇನ್ನೂ ಮುಂದೆ ಹೋಗಿ, ಪರವಾನಗಿಗೆ ಮೋರ್ಸ್ ಕೇಳುವುದನ್ನೇ ಕೈಬಿಡಬೇಕೆನ್ನುತ್ತಿದ್ದರು. ನಾನು ಅದನ್ನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದು ಕಲಿತ ಕಥೆಯೊಳಗೇ ಇದೆ.

ಮೊದಲ ಸಲ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಚುಕ್ಕೆ-ಗೆರೆಗಳ ಪಟ್ಟಿಯನ್ನು ಅಡಿಕೆ ಸುಲಿಯುವ ಜಗಲಿಯ ಗೋಡೆಗೆ ಅಂಟಿಸಿ, ನಿಮಿಷಕ್ಕೆ 4 ಪದಗಳ ವೇಗದಿಂದ ಆರಂಭಿಸಿದೆ. ಏಳೆಂಟು ತಿಂಗಳಲ್ಲಿ 6 ಪದಗಳಿಗೆ ಬಂದು ಅಲ್ಲಿಯೇ ನಿಂತೆ. ಪರೀಕ್ಷೆಗೆ ಬೇಕಾದದ್ದು 8. ಎರಡೇ ಪದಗಳಲ್ಲವೇ ಎಂಬ ಧೈರ್ಯದಲ್ಲಿ ಬೆಂಗಳೂರಿಗೆ ಹೋಗಿ, ಕಳಿಸುವುದರಲ್ಲಿ ಗೆದ್ದು ಕೇಳಿ ಬರೆಯುವುದರಲ್ಲಿ ಸೋತೆ. ಬಸ್ಸು, ವಸತಿ, ಊಟವೆಂದು ಮೂರು ಸಾವಿರದಷ್ಟು ಹೋಯಿತು. ಅದಕ್ಕೂ ಮೊದಲು ಮೋರ್ಸ್ ಒತ್ತಿ ಕಳಿಸುವ ಹಿತ್ತಾಳೆಯ ಕೀಗೆ ಸುಮಾರು 2,800 ಸುರಿದಿದ್ದೆ. ಈಗ ಬಳಸುತ್ತಿರುವುದು ಹ್ಯಾಕ್ಸಾ ಬ್ಲೇಡನ್ನು ಸ್ಪ್ರಿಂಗ್ ಮಾಡಿ ಸಾಗರದ ಲೇತ್ ಅಂಗಡಿಯೊಂದರಲ್ಲಿ ಕಟ್ಟಿಸಿಕೊಂಡ ಕೀ. ಅದಕ್ಕೆ 450 ರೂಪಾಯಿ ಆಗಿರಬೇಕು, ನನ್ನ ಕೈಗೆ ಅದೇ ಹದವಾಗಿದೆ.

ಎರಡನೆಯ ಸಲ ಛಂದಸ್ಸಿನ ದಾರಿ ಹಿಡಿದೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ 'ಯಮಾತಾರಾಜಭಾನಸಲಗಂ' ಮರೆತಿರಲಿಲ್ಲ. ಲಘುವನ್ನು ಡಿಟ್ (ಚುಕ್ಕೆಯ ಸದ್ದು) ಎಂದೂ ಗುರುವನ್ನು ಡಾ (ಗೆರೆಯ ಸದ್ದು) ಎಂದೂ ಹಿಡಿದರೆ ಯಗಣ ಡಬ್ಲ್ಯು ಆಗುತ್ತದೆ, ಮಗಣ ಓ, ತಗಣ ಜಿ, ರಗಣ ಕೆ, ಜಗಣ ಆರ್, ಭಗಣ ಡಿ, ನಗಣ ಎಸ್, ಸಗಣ ಯು. ಮೋರ್ಸಿನಲ್ಲಿ ಮೂರು ಧ್ವನಿಗಳುಳ್ಳ ಅಕ್ಷರಗಳು ಇರುವುದೇ ಎಂಟು, ಎಂಟೂ ಗಣಗಳಲ್ಲಿ ಸಿಕ್ಕವು. ಇದನ್ನು ಕಂಡುಕೊಂಡ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆದರೆ ಗುರುವಿಗೆ ಎರಡು ಮಾತ್ರೆ, ಡಾಗೆ ಮೂರು ಡಿಟ್‌ಗಳ ಉದ್ದ. ಹೀಗಾಗಿ ಬಾಯಲ್ಲಿ ಕೂತ ಲಯ ಕಿವಿಗೆ ಬಿದ್ದ ಲಯದೊಡನೆ ಹೊಂದಲಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಕೇಳಿದ್ದನ್ನು ಗಣಕ್ಕೆ ಇಳಿಸಿ, ಗಣವನ್ನು ಅಕ್ಷರಕ್ಕೆ ತಿರುಗಿಸುವಷ್ಟರಲ್ಲಿ ಮುಂದಿನ ಅಕ್ಷರ ದಾಟಿಹೋಗುತ್ತಿತ್ತು. ಗೋಡೆಯ ಪಟ್ಟಿಯ ದೋಷವೂ ಇದೇ ಆಗಿತ್ತೆಂದು ಆಗ ಹೊಳೆಯಿತು. ಪರೀಕ್ಷೆಯಲ್ಲಿ ಮತ್ತೆ ಸೋತೆ, ಇನ್ನೊಂದು ಮೂರು ಸಾವಿರ ಹೋಯಿತು.

ಮೂರನೆಯ ಸಲ ಪಟ್ಟಿಯನ್ನು ಹರಿದು ಒಲೆಗೆ ಹಾಕಿ ಕೋಖ್ ಕ್ರಮಕ್ಕೆ ಬಂದೆ. ಅದರ ಬಗೆ ಹೀಗೆ: ಕೆ ಮತ್ತು ಎಂ ಎರಡೇ ಅಕ್ಷರ, ಆದರೆ ಆರಂಭದಿಂದಲೂ 18 ಪದಗಳ ಪೂರ್ಣ ವೇಗ, ನೂರರಲ್ಲಿ ತೊಂಬತ್ತು ಸರಿಯಾದ ಮೇಲೆ ಮೂರನೆಯ ಅಕ್ಷರ. ಬೆಳಿಗ್ಗೆ ಹಾಲು ಕರೆಯುವ ಮೊದಲು ಕಾಲು ಗಂಟೆ, ರಾತ್ರಿ ಊಟದ ಮೊದಲು ಕಾಲು ಗಂಟೆ, ಅಷ್ಟೇ. ಮೊದಲ ತಿಂಗಳು ಪೆನ್ನು ಮುಟ್ಟದೆ ಬಾಯಲ್ಲಿ ಹೇಳಿದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದಿನಗಳಲ್ಲಿ ದಣಿದು ಕೂತರೆ ಕಲಿತದ್ದೂ ಕಲಸಿಹೋಗುತ್ತಿತ್ತಾದ್ದರಿಂದ ಆ ದಿನಗಳನ್ನು ಬಿಟ್ಟೆ. ಐದು ತಿಂಗಳಲ್ಲಿ ಅಕ್ಷರ, ಅಂಕಿ ಎಲ್ಲವೂ ಕಿವಿಗೆ ಕೂತವು. ಬರಿಯ ಡಿಟ್‌ಗಳೇ ಇರುವ ಎಸ್, ಎಚ್ ಮತ್ತು 5 ಇವುಗಳನ್ನು ಬೇರ್ಪಡಿಸಲು ನಾನು ಮಾಡಿಕೊಂಡ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಜಗಲಿಗೆ ಬಂದು ಕೂತವರಿಗೆ ಮಾತ್ರ ಹೇಳಿಕೊಡುತ್ತೇನೆ.

ಪರವಾನಗಿ ಬಂದ ಮರುವರ್ಷದ ಜುಲೈಯಲ್ಲಿ ಮೂರು ದಿನ ಕರೆಂಟಿರಲಿಲ್ಲ, ಎರಡನೆಯ ದಿನ ಮೊಬೈಲ್ ಗೋಪುರವೂ ಸತ್ತಿತು. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ಟಿನ ಮಾತು ನಮ್ಮ ಗುಡ್ಡವನ್ನೇ ದಾಟುವುದಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ವಿನ್ಯಾಸದ ಬಿಟ್‌ಎಕ್ಸ್ ರೇಡಿಯೋ ಸೆಟ್, 7 ಆಂಪಿಯರ್-ಅವರ್ ಬ್ಯಾಟರಿ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರನಿಗೆ ಇನ್ನೂರು ರೂಪಾಯಿ ಹೆಚ್ಚು ಕೊಟ್ಟು ಅಡಿಕೆ ಮರಗಳ ನಡುವೆ ಇಪ್ಪತ್ತು ಅಡಿ ಎತ್ತರದಲ್ಲಿ ಕಟ್ಟಿಸಿದ್ದ ಅರವತ್ತಾರು ಅಡಿಯ ಡೈಪೋಲ್ ಎಂಬ ತಂತಿ ಆಂಟೆನಾ, ಇಷ್ಟೇ ನನ್ನಲ್ಲಿದ್ದದ್ದು. (ಮೂವತ್ತೈದು ಅಡಿಗೆ ಏರಿಸಿಯೂ ನೋಡಿದ್ದೆ; ಹತ್ತಿರದ ಊರುಗಳಿಗೆ ಇಪ್ಪತ್ತೇ ಸಾಕು.) ಸಂಜೆ ನಾಲ್ಕೂವರೆಗೆ 7 ಮೆಗಾಹರ್ಟ್ಸ್‌ನಲ್ಲಿ ಐದು ವ್ಯಾಟಿನಷ್ಟು ಶಕ್ತಿಯಲ್ಲಿ ಶಿವಮೊಗ್ಗದ ಮಿತ್ರರನ್ನು ಮಾತಿನಲ್ಲಿ ಕರೆದರೆ ಅವರಿಗೆ ಗೊರಗೊರ ಸದ್ದಷ್ಟೇ ಕೇಳಿಸಿತಂತೆ. ಅದೇ ಶಕ್ತಿಯಲ್ಲಿ ಕೀ ಒತ್ತಿದೆ. ಮಾತಿಗೆ ಎರಡೂವರೆ ಕಿಲೋಹರ್ಟ್ಸ್ ಅಗಲ ಬೇಕು, ಮೋರ್ಸಿಗೆ ನೂರೈವತ್ತು ಹರ್ಟ್ಸ್ ಸಾಕು. ಅಷ್ಟು ಕಿರಿದಾದ ಸಂದಿನಲ್ಲಿ ನನ್ನ ಸದ್ದು ನುಸುಳಿತು. ರಸ್ತೆಯ ಮೇಲೆ ಮರ ಬಿದ್ದಿದೆ, ಪಕ್ಕದ ಮನೆಯ ಹುಡುಗ ಇಂದು ಊರಿಗೆ ಹೊರಡುವುದು ಬೇಡ ಎಂಬ ಸುದ್ದಿ ಹತ್ತು ನಿಮಿಷದಲ್ಲಿ ತಲುಪಿತು.

ಎಫ್‌ಟಿ8 ಎಂಬ ಕಂಪ್ಯೂಟರ್ ಸಂಕೇತದ ವಿಧಾನ ಇದಕ್ಕಿಂತಲೂ ಕ್ಷೀಣವಾದ ಸಂಕೇತವನ್ನು ಹಿಡಿಯುತ್ತದೆ ಎಂಬ ಮಾತು ನಿಜ. ಆದರೆ ಅದಕ್ಕೆ ಕಂಪ್ಯೂಟರ್ ಉಸಿರಾಡುತ್ತಿರಬೇಕು, ಗಡಿಯಾರ ಸೆಕೆಂಡಿಗೆ ಸರಿಯಾಗಿರಬೇಕು. ಹದಿನೈದು ಸೆಕೆಂಡಿನ ಸರದಿಗೆ ಹದಿಮೂರು ಅಕ್ಷರ ಕಳಿಸಿ, ಬಿದ್ದ ಮರದ ಸುದ್ದಿಯನ್ನು ವಿವರಿಸಲಾಗುವುದಿಲ್ಲ.

2003ರ ಜಿನೀವಾದ ವಿಶ್ವ ರೇಡಿಯೋ ಸಮ್ಮೇಳನ ಮೋರ್ಸ್ ಪರೀಕ್ಷೆಯನ್ನು ಆಯಾ ದೇಶದ ಇಷ್ಟಕ್ಕೆ ಬಿಟ್ಟಿತು, ಬ್ರಿಟನ್ ಅದೇ ವರ್ಷ, ಅಮೆರಿಕ 2007ರಲ್ಲಿ ಕೈಬಿಟ್ಟವು. ನಮ್ಮಲ್ಲಿ ನಾನು ಪ್ರವೇಶಿಸಿದ ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿರಲಿಲ್ಲ, ಜನರಲ್ ದರ್ಜೆಗೆ ಮಾತ್ರ ಬೇಕಿತ್ತು. ಆದ್ದರಿಂದ ಮೋರ್ಸ್ ಕೇಳಿ ಹೊಸಬರಿಗೆ ಬಾಗಿಲು ಮುಚ್ಚಿದ್ದಾರೆಂಬ ದೂರನ್ನು ನಾನು ಒಪ್ಪಲಾರೆ. ಪರೀಕ್ಷೆ ಬೇಡವೆನ್ನುವವರು ಆಸಕ್ತಿಯಿದ್ದವರು ತಾವಾಗಿ ಕಲಿಯಲಿ ಎನ್ನುತ್ತಾರೆ. ನನಗೆ ಹತ್ತು ವರ್ಷ ಆಸಕ್ತಿಯಿತ್ತು, ಆದರೂ ಕಲಿಯಲಿಲ್ಲ. ಪರೀಕ್ಷೆಯ ದಿನಾಂಕ ಎದುರಿಗೆ ಬಂದ ಮೇಲೆಯೇ ಕೂತೆ.

ನಾನು ಕೇಳುವ ಬದಲಾವಣೆ ಒಂದೇ. 8 ಪದಗಳ ವೇಗದಲ್ಲಿ ಒಂದು ಡಿಟ್ 150 ಮಿಲಿಸೆಕೆಂಡ್, 18ರಲ್ಲಿ 67ರಷ್ಟು. ವೇಗದ ಧ್ವನಿಗೆ ಪಳಗಿದ ನನ್ನ ಕಿವಿಗೆ ಪರೀಕ್ಷೆಯ ಎಳೆದ ಅಕ್ಷರಗಳು ಬೇರೆಯೇ ಭಾಷೆಯಂತೆ ಕೇಳುತ್ತಿದ್ದುದರಿಂದ, ಕೊನೆಯ ಮೂರು ವಾರ ಬೇಕೆಂದೇ ನಿಧಾನದ ಅಭ್ಯಾಸ ಮಾಡಬೇಕಾಯಿತು. ಅಕ್ಷರವನ್ನು ವೇಗವಾಗಿಯೇ ಕಳಿಸಿ, ಅಕ್ಷರಗಳ ನಡುವಿನ ಬಿಡುವನ್ನು ಹಿಗ್ಗಿಸಿ ಒಟ್ಟು 8 ಪದಗಳಿಗೆ ತಂದರೆ, ಮುಂದೆ ಬರುವವರಿಗೆ ಆ ಮೂರು ವಾರ ಉಳಿಯುತ್ತದೆ.