ಹಲ್ಲು ಮುರಿದಾಗ, ಬಿದ್ದಾಗ ಏನು ಮಾಡಿಸಬೇಕು? ಕ್ಯಾಪ್ ಮಾಡುವವಳ ಮಾತು

ನಾನು ಡೆಂಟಲ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರು ನಿಮ್ಮ ಬಾಯಿಯ ಅಚ್ಚು ತೆಗೆಯುತ್ತಾರಲ್ಲ, ಅದು ಬರುವುದು ನನ್ನ ಮೇಜಿಗೆ. ಅದಕ್ಕೆ ಪ್ಲಾಸ್ಟರ್ ಸುರಿದು, ಹಲ್ಲಿನ ಸಾಲು ಎಬ್ಬಿಸಿ, ಅದರ ಮೇಲೆ ಕ್ಯಾಪ್ (ಹಲ್ಲಿನ ಮೇಲೆ ಕೂರುವ ಮುಚ್ಚಳ), ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಧಾರದಲ್ಲಿ ಖಾಲಿ ಜಾಗ ತುಂಬುವ ಹಲ್ಲು), ಸೆಟ್ಟು (ತೆಗೆದು ಹಾಕುವ ಹಲ್ಲು) ಮಾಡುತ್ತೇನೆ. 19 ವರ್ಷ ಆಯಿತು. ಮುಖ ನೋಡದೆ ಎಷ್ಟೋ ಜನರ ಬಾಯಿ ನನಗೆ ಗೊತ್ತು. ಯಾವ ಚಿಕಿತ್ಸೆ ಬೇಕು ಅನ್ನುವುದು ಡಾಕ್ಟರು ಪರೀಕ್ಷೆ ಮಾಡಿ ಹೇಳಬೇಕಾದ ಮಾತು. ಅವರ ಹತ್ತಿರ ಏನೇನು ಕೇಳಬೇಕು ಅನ್ನುವುದನ್ನು ನಾನು ಹೇಳಬಲ್ಲೆ.

ಮೊದಲ ಪ್ರಶ್ನೆ ಇದು: "ನನ್ನ ಸ್ವಂತ ಹಲ್ಲು ಎಷ್ಟು ಉಳಿದಿದೆ?" ಉಳಿದಿದ್ದನ್ನು ಆದಷ್ಟು ಉಳಿಸಿಕೊಳ್ಳುವ ದಾರಿ ಮೊದಲು ನೋಡಿ. ಸಣ್ಣ ಹುಳುಕಾದರೆ ಫಿಲ್ಲಿಂಗ್ ಸಾಕು. ಹಲ್ಲಿನ ಬಣ್ಣದ ಮೆತ್ತನೆ ವಸ್ತುವನ್ನು ಪದರ ಪದರವಾಗಿ ತುಂಬಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ಒಂದೇ ದಿನದ ಕೆಲಸ. ದವಡೆ ಹಲ್ಲಿನ ಒಂದು ಮೂಲೆ ಮಾತ್ರ ಮುರಿದಿದ್ದರೆ "ಆನ್‌ಲೇ ಆಗುತ್ತದಾ?" ಎಂದು ಕೇಳಿ ನೋಡಿ. ಅದು ಅರ್ಧ ಕ್ಯಾಪ್ ಇದ್ದ ಹಾಗೆ. ಮುರಿದ ಕಡೆಯನ್ನಷ್ಟೇ ಮುಚ್ಚುವುದರಿಂದ ಒಳ್ಳೆಯ ಭಾಗವನ್ನು ಅಷ್ಟಾಗಿ ಉಜ್ಜಿ ಸವೆಸಬೇಕಿಲ್ಲ.

ಹುಳುಕು ನರದವರೆಗೆ ಇಳಿದಿದ್ದರೆ ರೂಟ್ ಕೆನಾಲ್, ಅಂದರೆ ಒಳಗಿನ ಕೆಟ್ಟ ನರ ತೆಗೆದು, ಶುಚಿ ಮಾಡಿ ತುಂಬುವುದು. ತಣ್ಣಗಿನದು ಕುಡಿದ ನೋವು ಬಹಳ ಹೊತ್ತು ಹೋಗದಿದ್ದರೆ, ರಾತ್ರಿ ಸುಮ್ನೆ ಮಲಗಿದಾಗಲೂ ಸಿಡಿದರೆ ತಡ ಮಾಡಬೇಡಿ. ರೂಟ್ ಕೆನಾಲ್ ಆದ ಮೇಲಿನ ತಪ್ಪು ಇನ್ನೂ ದೊಡ್ಡದು. ನೋವು ಹೋಯಿತಲ್ಲ ಎಂದು ಕ್ಯಾಪ್ ಹಾಕಿಸುವುದನ್ನೇ ಬಿಟ್ಟುಬಿಡುತ್ತಾರೆ. ನಮ್ಮ ಅತ್ತಿಗೆ ಹೀಗೇ ಮಾಡಿದರು. ಏಳು ತಿಂಗಳಾದ ಮೇಲೆ ಊಟ ಮಾಡುವಾಗ ಟಕ್ ಅಂದಿತಂತೆ. ಹಲ್ಲು ನಡುವೆ ಬೇರಿನ ತನಕ ಸೀಳಿತ್ತು. ಹಾಗೆ ಸೀಳಿದ ಹಲ್ಲನ್ನು ಕೀಳದೆ ಬೇರೆ ದಾರಿ ಇರಲಿಲ್ಲ. ಕ್ಯಾಪ್ ಮಾಡುವ ನಾನು ಮನೆಯಲ್ಲೇ ಇದ್ದೆ. ಒಂದು ಮಾತು ಒತ್ತಿ ಹೇಳಲಿಲ್ಲವಲ್ಲ ಎಂದು ಈಗಲೂ ಬೇಜಾರಾಗುತ್ತದೆ. ಹಿಂದಿನ ಹಲ್ಲಿಗೆ ರೂಟ್ ಕೆನಾಲ್ ಆದರೆ "ಕ್ಯಾಪ್ ಯಾವತ್ತು?" ಎಂದು ಅವತ್ತೇ ಕೇಳಿ.

ಕ್ಯಾಪ್ ಕೂರಲು ಜಾಗ ಬೇಕು, ಅದಕ್ಕೇ ಹಲ್ಲನ್ನು ಸುತ್ತಲೂ ಸುಮಾರು 1ರಿಂದ 2 ಮಿಲಿಮೀಟರ್ ಉಜ್ಜುತ್ತಾರೆ. ಅಗಿಯುವ ಹಲ್ಲಿಗೆ ನನ್ನ ಆಯ್ಕೆ ಜಿರ್ಕೋನಿಯಾ, ಅಂದರೆ ಹಲ್ಲಿನ ಬಣ್ಣದ ಬಲು ಗಟ್ಟಿ ಸೆರಾಮಿಕ್. ಪೂರ್ತಿ ಲೋಹದ ಕ್ಯಾಪ್ ತೆಳ್ಳಗಿದ್ದರೂ ಗಟ್ಟಿ, ಹಲ್ಲನ್ನು ಕಡಿಮೆ ಉಜ್ಜಿದರೆ ಸಾಕು. ಲೋಹದ ಬಣ್ಣ ಬೇಡ ಅನಿಸಿದರೆ ಮಾತ್ರ ಬಿಡಿ. ಲೋಹದ ಮೇಲೆ ಸೆರಾಮಿಕ್ ಕೂರಿಸಿದ ಕ್ಯಾಪ್ ತುಂಬಾ ವರ್ಷದಿಂದ ನಡೆದು ಬಂದದ್ದು. ಆದರೆ ಸೆರಾಮಿಕ್ ಚಕ್ಕೆ ಏಳಬಹುದು, ಒಸಡು ಸ್ವಲ್ಪ ಹಿಂದೆ ಸರಿದರೆ ಬೂದು ಗೆರೆ ಕಾಣಬಹುದು. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಯಾವ ವಸ್ತು ಹಾಕಬೇಕು ಅನ್ನುವುದು ಅದರ ಮೇಲೂ ನಿಂತಿದೆ.

ಮುಂದಿನ ಹಲ್ಲಾದರೆ ಬಣ್ಣದ ಮಾತು. ನನಗೆ ಬರುವ ಚೀಟಿಯಲ್ಲಿ ಎ2, ಎ3, ಬಿ1 ಎಂದು ಬರೆದಿರುತ್ತದೆ. ಬಹಳ ಕಡೆ ಬಳಸುವ ವೀಟಾ ಪಟ್ಟಿಯಲ್ಲಿ 16 ಬಣ್ಣ ಇವೆ. ಬಣ್ಣವನ್ನು ಹಗಲು ಬೆಳಕಿನಲ್ಲಿ, ಕ್ಯಾಪಿಗಾಗಿ ಹಲ್ಲನ್ನು ಉಜ್ಜಿ ಸವೆಸುವ ಮೊದಲೇ ನೋಡಬೇಕು. ಬಾಯಿ ತೆರೆದಿಟ್ಟು ಹಲ್ಲು ಒಣಗಿದರೆ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಅವತ್ತು ಲಿಪ್‌ಸ್ಟಿಕ್ ಬೇಡ. ಹಲ್ಲು ಬಿಳಿ ಮಾಡಿಸುವ ಆಸೆ ಇದ್ದರೆ ಅದನ್ನು ಮೊದಲು ಮುಗಿಸಿ, ಆಮೇಲೆ ಕ್ಯಾಪ್ ಮಾಡಿಸಿ. ಕ್ಯಾಪಿನ ಬಣ್ಣ ಆಮೇಲೆ ಬದಲಾಗುವುದಿಲ್ಲ.

ಇನ್ನು ಹಲ್ಲು ಕಳೆದುಕೊಂಡವರ ವಿಷಯ. ನನ್ನ ಮೇಜಿನ ಮೇಲೆ ನನಗೆ ಜಾಸ್ತಿ ಸಂಕಟ ಕೊಡುವ ಅಚ್ಚುಗಳು ಇವೇ. ಕೆಳಗಿನ ಮೊದಲ ದವಡೆ ಹಲ್ಲು ಹೋಗಿ ವರ್ಷಗಳಾಗಿರುತ್ತವೆ. ಹಿಂದಿನ ಹಲ್ಲು ಖಾಲಿ ಜಾಗಕ್ಕೆ ವಾಲಿಕೊಂಡಿರುತ್ತದೆ. ಮೇಲಿನ ಹಲ್ಲು ಕಚ್ಚಲು ಜೊತೆ ಸಿಗದೆ ಕೆಳಗಿಳಿದಿರುತ್ತದೆ. 11 ಮಿಲಿಮೀಟರ್ ಇರಬೇಕಾದ ಜಾಗದಲ್ಲಿ 7 ಸಿಕ್ಕರೆ ಎಂಥ ಹಲ್ಲು ಕೂರಿಸುವುದು? ಅಷ್ಟೇ ಅಲ್ಲ, ಹಲ್ಲು ಕಿತ್ತ ಜಾಗದ ಮೂಳೆ ಮೊದಲ ಕೆಲವು ತಿಂಗಳಲ್ಲೇ ಬೇಗ ಬೇಗ ಸವೆಯುತ್ತದೆ. ಅದಕ್ಕೇ ಹಲ್ಲು ಕೀಳಿಸಲು ಹೋದಾಗಲೇ "ಈ ಜಾಗಕ್ಕೆ ಮುಂದೇನು?" ಎಂದು ಕೇಳಬೇಕು.

ಬ್ರಿಡ್ಜ್ ಬೇಗ ಆಗುತ್ತದೆ. ಆದರೆ ಆಚೆ ಈಚೆ ಹಲ್ಲುಗಳನ್ನು ಕ್ಯಾಪಿಗೆ ಉಜ್ಜಬೇಕು. ಅವಕ್ಕೂ ದೊಡ್ಡ ಫಿಲ್ಲಿಂಗ್ ಆಗಿ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜ್ ಒಳ್ಳೆಯ ದಾರಿ. ಎರಡೂ ಗಟ್ಟಿಮುಟ್ಟಾಗಿದ್ದರೆ ಇಂಪ್ಲಾಂಟ್ ಬಗ್ಗೆ ವಿಚಾರಿಸಿ ಎನ್ನುತ್ತೇನೆ. ಬ್ರಿಡ್ಜಿನ ಕೆಳಗೆ ದಾರ ಅಥವಾ ಸಣ್ಣ ಬ್ರಷ್ ತೂರಿಸಿ ದಿನವೂ ತೊಳೆಯಬೇಕು. ಹೇಗೆ ಎಂದು ಕ್ಲಿನಿಕ್ಕಿನಲ್ಲೇ ತೋರಿಸಿಕೊಂಡು ಬನ್ನಿ.

ಇಂಪ್ಲಾಂಟ್ ಅಂದರೆ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ತಿರುಪು. 1952ರಲ್ಲಿ ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ ಮೊಲದ ಮೂಳೆಯನ್ನು ಅಭ್ಯಾಸ ಮಾಡುವಾಗ ಟೈಟಾನಿಯಂ ಮೂಳೆಗೆ ಬೆಸೆದುಕೊಳ್ಳುವುದನ್ನು ಕಂಡರು. 1965ರಲ್ಲಿ ಮೊದಲ ಬಾರಿ ಒಬ್ಬ ರೋಗಿಯ ದವಡೆಗೆ ಹಾಕಿದರು. ಹಾಗೆ ಬೆಸೆಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಬೀಡಿ ಸಿಗರೇಟು, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ ಎರಡೂ ಇದಕ್ಕೆ ಶತ್ರು. ಮೂಳೆ ಸವೆತಕ್ಕೆ ಔಷಧಿ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಹಲ್ಲು ಕೀಳುವುದಕ್ಕೂ ಅದು ಗೊತ್ತಿರಬೇಕು. ದವಡೆ ಇನ್ನೂ ಬೆಳೆಯುವ ವಯಸ್ಸಿನ ಮಕ್ಕಳಿಗೆ ಇಂಪ್ಲಾಂಟ್ ಹಾಕುವುದಿಲ್ಲ. ಮತ್ತೆ, ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ ನಿಜ, ಆದರೆ ಸುತ್ತಲಿನ ಒಸಡು ಊದಿಕೊಂಡು ಮೂಳೆ ಕರಗಬಹುದು. ದಿನವೂ ಬ್ರಷ್ ಮಾಡುವುದು ತಪ್ಪಿಸಬಾರದು.

ತೆಗೆದು ಹಾಕುವ ಸೆಟ್ಟನ್ನು ಕೀಳಾಗಿ ನೋಡಬೇಡಿ. ಬಹಳ ಹಲ್ಲು ಹೋದವರಿಗೆ ಅದು ಮತ್ತೆ ಅಗಿಯುವ ಸುಖ ಕೊಡುತ್ತದೆ. ರಾತ್ರಿ ತೆಗೆದು ನೀರಿನಲ್ಲಿಡಿ. ಬಿಸಿನೀರು ಬೇಡ, ಸೊಟ್ಟಗಾಗುತ್ತದೆ. ತೊಳೆಯುವಾಗ ಕೆಳಗೆ ಬಟ್ಟೆ ಹಾಸಿಕೊಳ್ಳಿ, ಕೈಜಾರಿದರೆ ಒಡೆಯುತ್ತದೆ. ಒಡೆದದ್ದನ್ನು ಮನೆಯಲ್ಲಿ ಅಂಟು ಹಾಕಿ ತರುತ್ತಾರೆ. ಆಮೇಲೆ ತುಂಡುಗಳು ಸರಿಯಾಗಿ ಕೂಡುವುದೇ ಇಲ್ಲ. ಹಾಗೇ ತನ್ನಿ. ಸಡಿಲವಾದರೆ ಒಳಗಿನ ಮೈ ಹೊಸದಾಗಿ ತುಂಬಿಸಬಹುದು, ಇಡೀ ಸೆಟ್ಟು ಬದಲಿಸಲೇಬೇಕೆಂದಿಲ್ಲ.

ಕೊನೆಗೆ, ಕೂರಿಸಿ ನೋಡುವ ದಿನ. ಡಾಕ್ಟರು ಬಣ್ಣದ ಕಾಗದ ಕಚ್ಚಿಸುತ್ತಾರೆ. ಎತ್ತರ ಅನಿಸಿದರೆ, ಪಕ್ಕದ ಹಲ್ಲಿಗೆ ಒತ್ತಿದರೆ, ಬಣ್ಣ ಹೊಂದದಿದ್ದರೆ ಸಂಕೋಚ ಬೇಡ, ಬಾಯಿಬಿಟ್ಟು ಹೇಳಿ. ಕನ್ನಡಿ ಕೇಳಿ, ಕಿಟಕಿ ಹತ್ತಿರ ಹೋಗಿ ನೋಡಿ. ಅಂಟಿಸುವ ಮೊದಲು ವಾಪಸ್ ಬಂದರೆ ನನಗೆ ಎಷ್ಟೋ ಸಲ ಅರ್ಧ ಗಂಟೆಯ ಕೆಲಸ. ಗಟ್ಟಿಯಾಗಿ ಅಂಟಿಸಿದ ಮೇಲಾದರೆ ಸಾಮಾನ್ಯವಾಗಿ ಕತ್ತರಿಸಿಯೇ ತೆಗೆಯಬೇಕು.